ಪೊಟ್ಯಾಸಿಯಂ 39 ಸ್ಥಿರ, 41 ಸ್ಥಿರ. ನಡುವಿನ 40 ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ತಿಕೋಟಾ ಸಮೀಪ ದ್ರಾಕ್ಷಿ ಪಡ ಐತಿ. ವರ್ಷಾ ಪೊಟ್ಯಾಷ್ ಹಾಕತೀವಿ, ಮಳಿಗಾಲದಾಗ ಮೈಲುತುತ್ತದ ಬೋರ್ಡೋ ದ್ರಾವಣ ಹೊಡಿತೀವಿ. ಪೊಟ್ಯಾಸಿಯಂ ವಿಕಿರಣಶೀಲ ಅಂತ ಪಿಯುಸಿ ಓದೋ ಮಗಳು ಹೇಳಿದಳು. ನ್ಯೂಟ್ರಾನ್-ಪ್ರೋಟಾನ್ ಅನುಪಾತ ಸರಿ ಇದ್ದರ ನ್ಯೂಕ್ಲಿಯಸ್ ಸ್ಥಿರ ಅಂತ ಆಕಿ ಓದ್ಯಾಳ. ಹಂಗಿದ್ದರ 39 ಸ್ಥಿರ, 41 ಸ್ಥಿರ, ನಡುವಿನ 40 ಯಾಕ ಅಸ್ಥಿರ? ಗೊಬ್ಬರದಿಂದ ಏನರ ಅಪಾಯ ಐತೇನು?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಗೊಬ್ಬರದ ಮಾತು ಸಣ್ಣದು, ಅದನ್ನು ಮೊದಲೇ ಮುಗಿಸೋಣ. ಪೊಟ್ಯಾಷ್ ವಿಕಿರಣಶೀಲ ಎಂಬುದು ನಿಜ. ಪ್ರಕೃತಿಯಲ್ಲಿ ಸಿಗುವ ಪೊಟ್ಯಾಸಿಯಂನಲ್ಲಿ ಶೇ 93.3ರಷ್ಟು ಪೊಟ್ಯಾಸಿಯಂ-39, ಶೇ 6.7ರಷ್ಟು ಪೊಟ್ಯಾಸಿಯಂ-41 (ಈ ಸಂಖ್ಯೆ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಎಣಿಕೆ). ಪೊಟ್ಯಾಸಿಯಂ-40 ಇರುವುದು ಶೇ 0.0117 ಮಾತ್ರ. ಎಂಒಪಿ (ಮ್ಯುರಿಯೇಟ್ ಆಫ್ ಪೊಟ್ಯಾಷ್) ಚೀಲದ ಮೇಲೆ ಶೇ 60 ಎಂದು ಅಚ್ಚಾಗಿರುವುದು ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕ. ಅದನ್ನು 0.83ರಿಂದ ಗುಣಿಸಿದರೆ 50 ಕೆ.ಜಿ. ಚೀಲದಲ್ಲಿ ಅಪ್ಪಟ ಪೊಟ್ಯಾಸಿಯಂ ಸುಮಾರು 25 ಕೆ.ಜಿ. ಎಂದಾಯಿತು, ಅದರೊಳಗೆ ಪೊಟ್ಯಾಸಿಯಂ-40 ಸುಮಾರು 3 ಗ್ರಾಂ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ 31ರ ಆಸುಪಾಸು ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತವೆ, ಅಂದರೆ ವಿಕಿರಣ ಸೂಸಿ ಬೇರೆ ನ್ಯೂಕ್ಲಿಯಸ್ ಆಗುತ್ತವೆ. ಹಾಗಾಗಿ ಇಡೀ ಚೀಲದಲ್ಲಿ ಸೆಕೆಂಡಿಗೆ ಏಳೂಮುಕ್ಕಾಲು ಲಕ್ಷ.

ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಮಣ್ಣಿನಲ್ಲಿ ಪೊಟ್ಯಾಸಿಯಂ-40ರ ಜಾಗತಿಕ ಸರಾಸರಿ ಕೆ.ಜಿ.ಗೆ ಸೆಕೆಂಡಿಗೆ ಸುಮಾರು 400 ಕ್ಷಯ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣು ಎಂದರೆ ಸುಮಾರು 8 ಲಕ್ಷ ಕೆ.ಜಿ. ಅಲ್ಲಿ ಆಗಲೇ ಸೆಕೆಂಡಿಗೆ 32 ಕೋಟಿ ಕ್ಷಯ ನಡೆದಿರುತ್ತದೆ. ನೀವು ಸುರಿದ ಒಂದು ಚೀಲ ಅದಕ್ಕೆ ಸೇರಿಸುವುದು ಶೇ 0.25ರಷ್ಟು. ನಿಮ್ಮ ಕಡೆಯ ಎರೆಮಣ್ಣಿನಲ್ಲಿ ಪೊಟ್ಯಾಸಿಯಂ ಸರಾಸರಿಯ ಅರ್ಧವೇ ಇದ್ದರೂ ಶೇ 0.5 ದಾಟುವುದಿಲ್ಲ. ಇನ್ನು ಮನುಷ್ಯನ ಮೈಯಲ್ಲೇ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇದೆ, ಸೆಕೆಂಡಿಗೆ ನಾಲ್ಕು ಸಾವಿರ ಚಿಲ್ಲರೆ ಕ್ಷಯ ಅಲ್ಲೇ ಆಗುತ್ತದೆ. ಒಣದ್ರಾಕ್ಷಿ ಎಷ್ಟು ತಿಂದರೂ ಇದು ಏರುವುದಿಲ್ಲ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಗೊಬ್ಬರ ಹಾಕುವಾಗ ಕೈಗವಸು ತೊಡುವುದಾದರೆ ಚರ್ಮ ಉರಿಯದಿರಲಿ ಎಂದು ತೊಡಿ, ವಿಕಿರಣಕ್ಕೆ ಅಂಜಿ ಬೇಡ.

ಈಗ ಮಗಳ ಪ್ರಶ್ನೆಗೆ ಬರೋಣ. ಪ್ರಶ್ನೆ ಬಹಳ ಹರಿತವಾಗಿದೆ. ಪೊಟ್ಯಾಸಿಯಂನಲ್ಲಿ 19 ಪ್ರೋಟಾನ್‌ಗಳು. ನ್ಯೂಟ್ರಾನ್‌ಗಳು 39ರಲ್ಲಿ 20, 40ರಲ್ಲಿ 21, 41ರಲ್ಲಿ 22. ಅನುಪಾತ ಕ್ರಮವಾಗಿ 1.05, 1.11, 1.16. ಅನುಪಾತವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಎರಡು ಸ್ಥಿರ ಬೆಲೆಗಳ ನಟ್ಟನಡುವೆ ಇರುವ 1.11 ಕೆಡಲು ಕಾರಣವೇ ಇಲ್ಲ. ಅನುಪಾತದ ನಿಯಮ ಸುಳ್ಳಲ್ಲ, ಒರಟು. ಸ್ಥಿರ ನ್ಯೂಕ್ಲಿಯಸ್‌ಗಳು ಯಾವ ಪಟ್ಟಿಯೊಳಗೆ ಸಿಗಬಹುದು ಎಂದಷ್ಟೇ ಅದು ಹೇಳುತ್ತದೆ. ಆ ಪಟ್ಟಿಯೊಳಗೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತಿಳಿಯಲು ಆ ನ್ಯೂಕ್ಲಿಯಸ್ ಒಂದನ್ನೇ ನೋಡಿದರೆ ಸಾಲದು. ಅಷ್ಟೇ ಕಣಗಳಿರುವ ಅದರ ನೆರೆಯವುಗಳನ್ನು ನೋಡಬೇಕು. ತನಗಿಂತ ಕಡಿಮೆ ಶಕ್ತಿಯ ನೆರೆ ಇದ್ದು, ಅಲ್ಲಿಗೆ ಹೋಗಲು ದಾರಿಯೂ ಇದ್ದರೆ ಅದು ಅಸ್ಥಿರ. ಇಲ್ಲದಿದ್ದರೆ ಸ್ಥಿರ.

ಎಷ್ಟು ಬಿಗಿಯಾಗಿ ಬಂಧಿಸಿಕೊಂಡಿದೆ ಎಂಬುದೂ ಇದಕ್ಕೆ ಉತ್ತರವಲ್ಲ. ಕೋಬಾಲ್ಟ್-60ರಲ್ಲಿ ಒಂದೊಂದು ಕಣಕ್ಕೂ 8.75 ಎಂಇವಿ, ಅಂದರೆ 87.5 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಬಂಧನ ಶಕ್ತಿಯಿದೆ. ಇರುವ ಎಲ್ಲ ನ್ಯೂಕ್ಲಿಯಸ್‌ಗಳ ಪೈಕಿ ಹೆಚ್ಚುಕಡಿಮೆ ಶಿಖರದ ಮಟ್ಟವೇ ಅದು. ಆದರೂ 5.27 ವರ್ಷಗಳಲ್ಲಿ ಅದರ ಅರ್ಧ ಕರಗಿಹೋಗುತ್ತದೆ. ಭಾರಜಲದಲ್ಲಿರುವ ಡ್ಯೂಟೀರಿಯಂಗೆ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್) ಇರುವುದು ಕಣವೊಂದಕ್ಕೆ ಬರೀ 1.11 ಎಂಇವಿ, ಅದು ಶಾಶ್ವತವಾಗಿ ನಿಲ್ಲುತ್ತದೆ. ಕೋಬಾಲ್ಟ್-60ರ ಪಕ್ಕದಲ್ಲಿ ಇನ್ನೂ ಕೆಳಗಿರುವ ನಿಕಲ್-60 ಇದೆ. ಡ್ಯೂಟೀರಿಯಂನ ಪಕ್ಕದಲ್ಲಿ ಏನೂ ಇಲ್ಲ: ಎರಡು ಪ್ರೋಟಾನ್‌ಗಳಾಗಲಿ ಎರಡು ನ್ಯೂಟ್ರಾನ್‌ಗಳಾಗಲಿ ಅಂಟಿಕೊಂಡು ನ್ಯೂಕ್ಲಿಯಸ್ ಆಗುವುದೇ ಇಲ್ಲ.

ಈ ಶಕ್ತಿಯ ಏರಿಳಿತ ಎಲ್ಲಿಂದ ಬರುತ್ತದೆ? ನ್ಯೂಕ್ಲಿಯಸ್‌ನೊಳಗೆ ಎರಡು ಪ್ರೋಟಾನ್‌ಗಳ ನಡುವೆ 2 ಫರ್ಮಿ ಅಂತರವಿದ್ದರೆ ಅವು ಒಂದನ್ನೊಂದು ತಳ್ಳುವ ವಿದ್ಯುತ್ ಬಲ ಸುಮಾರು 58 ನ್ಯೂಟನ್, ಅಂದರೆ ಆರು ಕೆ.ಜಿ. ತೂಕದಷ್ಟು. ಒಂದು ಫರ್ಮಿ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಅಷ್ಟು ಕಿರಿದಾದ ಕಣದ ಮೇಲೆ ಆರು ಕೆ.ಜಿ.! ಇದನ್ನು ಮೀರಿಸಿ ಹಿಡಿದಿಡುವುದು ನ್ಯೂಕ್ಲಿಯರ್ ಬಲ. ಪ್ರೋಟಾನ್, ನ್ಯೂಟ್ರಾನ್ ಎಂಬ ಭೇದ ಅದಕ್ಕೆ ಹೆಚ್ಚುಕಡಿಮೆ ಇಲ್ಲ. ಆದರೆ ಅದರ ಕೈ ಬಹಳ ಮೋಟು: 2-3 ಫರ್ಮಿ ದಾಟಿದರೆ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಒಂದು ಕಣ ತನ್ನ ಒತ್ತಿನಲ್ಲಿರುವ ಕೆಲವನ್ನು ಮಾತ್ರ ಹಿಡಿಯುತ್ತದೆ. ವಿದ್ಯುತ್ ವಿಕರ್ಷಣೆಗೆ ಆ ಮಿತಿಯಿಲ್ಲ, ಒಂದೊಂದು ಪ್ರೋಟಾನೂ ಉಳಿದೆಲ್ಲ ಪ್ರೋಟಾನ್‌ಗಳನ್ನು ತಳ್ಳುತ್ತದೆ. ಪೊಟ್ಯಾಸಿಯಂ-40ರಲ್ಲಿ ಈ ತಳ್ಳಾಟದ ಶಕ್ತಿ 70 ಎಂಇವಿ ಆಸುಪಾಸು. ಸೀಸ-208ಕ್ಕೆ ಬರುವಷ್ಟರಲ್ಲಿ 800ರ ಹತ್ತಿರ. ಕಣಗಳು ಐದು ಪಟ್ಟು ಹೆಚ್ಚಾದರೆ ತಳ್ಳಾಟ ಹನ್ನೊಂದು ಪಟ್ಟು ಏರುತ್ತದೆ. ನ್ಯೂಟ್ರಾನ್ ಹಿಡಿಯುತ್ತದೆ, ತಳ್ಳುವುದಿಲ್ಲ. ಭಾರದ ನ್ಯೂಕ್ಲಿಯಸ್‌ಗಳಲ್ಲಿ ನ್ಯೂಟ್ರಾನ್ ಜಾಸ್ತಿ ಇರುವುದು ಇದಕ್ಕೇ: ಕ್ಯಾಲ್ಸಿಯಂ-40ರಲ್ಲಿ 20ಕ್ಕೆ 20, ಸೀಸ-208ರಲ್ಲಿ 82ಕ್ಕೆ 126.

ಹಾಗಾದರೆ ನ್ಯೂಟ್ರಾನ್‌ಗಳನ್ನೇ ತುಂಬುತ್ತ ಹೋದರೆ ಏನು ತೊಂದರೆ? ಇಲ್ಲಿ ಪೌಲಿ ನಿಯಮ ಅಡ್ಡ ಬರುತ್ತದೆ. ಒಂದೇ ಜಾತಿಯ ಎರಡು ಕಣಗಳು ಒಂದೇ ಸ್ಥಿತಿಯಲ್ಲಿ ಇರಲಾರವು. ಅಕ್ಕಪಕ್ಕ ತೋಡಿದ ಎರಡು ಹಗೇವುಗಳನ್ನು ಎಣಿಸಿಕೊಳ್ಳಿ, ಒಂದರಲ್ಲಿ ಪ್ರೋಟಾನ್, ಇನ್ನೊಂದರಲ್ಲಿ ನ್ಯೂಟ್ರಾನ್. ಎರಡೂ ತಳದಿಂದ ತುಂಬುತ್ತ ಬರುತ್ತವೆ. ವಿದ್ಯುತ್ ತಳ್ಳಾಟದಿಂದ ಪ್ರೋಟಾನ್ ಹಗೇವಿನ ತಳ ಸ್ವಲ್ಪ ಎತ್ತರದಲ್ಲಿದೆ. ಹೀಗಾಗಿ ಎರಡರ ಮೇಲ್ಮಟ್ಟ ಸಮನಾದಾಗ ನ್ಯೂಟ್ರಾನ್‌ಗಳು ತುಸು ಹೆಚ್ಚಿರುತ್ತವೆ. ನ್ಯೂಟ್ರಾನ್ ಮಟ್ಟ ಅದಕ್ಕೂ ಮೇಲೇರಿದರೆ ಮೇಲಿನದೊಂದು ಪ್ರೋಟಾನ್ ಆಗಿ ಆಚೆಯ ಹಗೇವಿಗೆ ಇಳಿಯುತ್ತದೆ. ಇದೇ ಬೀಟಾ ಕ್ಷಯ, ಜೊತೆಗೆ ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಎಂಬ ವಿದ್ಯುದಂಶವಿಲ್ಲದ ಅತಿ ಹಗುರ ಕಣ ಹೊರಬೀಳುತ್ತವೆ. ಪ್ರೋಟಾನ್ ಮಟ್ಟ ಹೆಚ್ಚಾದರೆ ಉಲ್ಟಾ: ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಹೊರಬೀಳುತ್ತದೆ ಅಥವಾ ಪರಮಾಣುವಿನ ಒಂದು ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ ನುಂಗುತ್ತದೆ. ಒಂಟಿ ನ್ಯೂಟ್ರಾನಿನ ಅರ್ಧಾಯು, ಅಂದರೆ ಇದ್ದವುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 10 ನಿಮಿಷ ಮಾತ್ರ. ನ್ಯೂಕ್ಲಿಯಸ್‌ನೊಳಗೆ ಅದು ಕೋಟ್ಯಂತರ ವರ್ಷ ಉಳಿಯುವುದು ಏಕೆಂದರೆ, ಪ್ರೋಟಾನ್ ಆದರೆ ಕೂರಬೇಕಾದ ಜಾಗ ಅದಕ್ಕಿಂತ ದುಬಾರಿ.

ಇದಿಷ್ಟರಿಂದ ಅನುಪಾತದ ನಿಯಮ ಬಂತು. ಪೊಟ್ಯಾಸಿಯಂ-40ರ ಗುಟ್ಟು ಇರುವುದು ಇನ್ನೊಂದು ವಿಷಯದಲ್ಲಿ, ಜೋಡಿಯಲ್ಲಿ. ಒಂದೇ ಮಟ್ಟದಲ್ಲಿರುವ ಎರಡು ಪ್ರೋಟಾನ್‌ಗಳು ತಮ್ಮ ತಿರುಗುವಿಕೆ ಪರಸ್ಪರ ವಿರುದ್ಧವಾಗಿರುವಂತೆ ಜೋಡಿಯಾದರೆ ಶಕ್ತಿ ಇಳಿಯುತ್ತದೆ. ನ್ಯೂಟ್ರಾನ್‌ಗಳಿಗೂ ಹಾಗೆಯೇ. 40 ಕಣಗಳ ನ್ಯೂಕ್ಲಿಯಸ್‌ಗಳಲ್ಲಿ ಸಮ-ಸಮ (ಪ್ರೋಟಾನ್, ನ್ಯೂಟ್ರಾನ್ ಎರಡೂ ಸಮ ಸಂಖ್ಯೆ) ಇದ್ದವು ಸರಾಸರಿಗಿಂತ 1.9 ಎಂಇವಿಯಷ್ಟು ಕೆಳಗೆ, ಬೆಸ-ಬೆಸ ಇದ್ದವು ಅಷ್ಟೇ ಮೇಲೆ. ಒಟ್ಟು ಕಣಗಳು 39 ಅಥವಾ 41 ಇದ್ದರೆ ಒಂದು ಬದಿ ಯಾವಾಗಲೂ ಸಮ, ಇನ್ನೊಂದು ಬೆಸ. ಏರುಪೇರಿಲ್ಲದೆ ಒಂದೇ ಕಣಿವೆ, ಅದಕ್ಕೊಂದೇ ತಳ. 39ರ ತಳದಲ್ಲಿರುವುದು ಪೊಟ್ಯಾಸಿಯಂ, 41ರ ತಳದಲ್ಲಿರುವುದೂ ಪೊಟ್ಯಾಸಿಯಂ. ಒಟ್ಟು 40 ಆದಾಗ ಒಂದು ನ್ಯೂಕ್ಲಿಯಸ್ ಸಮ-ಸಮ ಆದರೆ ಅದರ ಎರಡೂ ಪಕ್ಕದವು ಬೆಸ-ಬೆಸ. ಮೇಲೊಂದು, ಕೆಳಗೊಂದು.

ತೂಕದ ಪಟ್ಟಿ ಬಿಚ್ಚಿದರೆ ಇದು ಕಣ್ಣಿಗೇ ಕಾಣುತ್ತದೆ. ಪರಮಾಣು ದ್ರವ್ಯಮಾನ ಏಕಮಾನದಲ್ಲಿ ಆರ್ಗಾನ್-40ರ ತೂಕ 39.962383, ಪೊಟ್ಯಾಸಿಯಂ-40ರದು 39.963998, ಕ್ಯಾಲ್ಸಿಯಂ-40ರದು 39.962591. ತೂಕದ ವ್ಯತ್ಯಾಸವೇ ಶಕ್ತಿಯ ವ್ಯತ್ಯಾಸ, ಒಂದು ಏಕಮಾನಕ್ಕೆ 931.5 ಎಂಇವಿ. ಕಳೆದು ಗುಣಿಸಿ: ಪೊಟ್ಯಾಸಿಯಂ-40 ತನ್ನ ಎಡಗಡೆಯ ಆರ್ಗಾನಿಗಿಂತ 1.50 ಎಂಇವಿ, ಬಲಗಡೆಯ ಕ್ಯಾಲ್ಸಿಯಂಗಿಂತ 1.31 ಎಂಇವಿ ಮೇಲಿದೆ. ಎರಡೂ ಕಡೆ ಇಳಿಜಾರು, ಎರಡೂ ಕಡೆ ಇಳಿಯುತ್ತದೆ: ಶೇ 89 ಕ್ಯಾಲ್ಸಿಯಂ ಆಗುತ್ತದೆ, ಉಳಿದ ಶೇ 11ರ ಹತ್ತಿರ ಆರ್ಗಾನ್. ಹೀಗೆ ಹುಟ್ಟಿದ ಆರ್ಗಾನ್ ಅನಿಲ ಗಟ್ಟಿ ಶಿಲೆಯ ಹರಳಿನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ನಿಮ್ಮ ಎರೆಮಣ್ಣಿನ ಅಡಿಯಲ್ಲಿರುವ ದಖನ್ ಟ್ರ್ಯಾಪ್ ಕರಿಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ ಎಂದು ಗೊತ್ತಾದದ್ದರಲ್ಲಿ ಆ ಆರ್ಗಾನಿನ ಅಳತೆಗೆ ದೊಡ್ಡ ಪಾಲಿದೆ.

ಇಲ್ಲಿಗೆ ಮುಗಿಯಲಿಲ್ಲ. ಎರಡೂ ಕಡೆ ಇಳಿಜಾರಿರುವ ನ್ಯೂಕ್ಲಿಯಸ್ ಇಷ್ಟು ಕಾಲ ಉಳಿದದ್ದಾದರೂ ಹೇಗೆ? ಅರ್ಧಾಯು 125 ಕೋಟಿ ವರ್ಷ. ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಹನ್ನೆರಡರಲ್ಲಿ ಒಂದು ಭಾಗ ಇನ್ನೂ ಇದೆ. ಇದರ ಕಾರಣ ತಿರುಗುವಿಕೆ, ಅಂದರೆ ಸ್ಪಿನ್. ಪೊಟ್ಯಾಸಿಯಂ-40ರ ಜೋಡಿಯಿಲ್ಲದ ಪ್ರೋಟಾನೂ ಜೋಡಿಯಿಲ್ಲದ ನ್ಯೂಟ್ರಾನೂ ಸೇರಿ ಒಟ್ಟು ಸ್ಪಿನ್ 4 ಆಗಿದೆ. ಕ್ಯಾಲ್ಸಿಯಂ-40ರ ಸ್ಪಿನ್ ಸೊನ್ನೆ. ಕ್ಷಯಿಸುವಾಗ ಆ 4ನ್ನು ಹೊರಬೀಳುವ ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಹೊತ್ತೊಯ್ಯಬೇಕು. ಅವುಗಳ ತರಂಗದೂರ ನ್ಯೂಕ್ಲಿಯಸ್‌ಗಿಂತ ನೂರಾರು ಪಟ್ಟು ದೊಡ್ಡದು. ಅಂಥವು ಇಷ್ಟು ಸಣ್ಣ ಜಾಗದಿಂದ ಅಷ್ಟು ಕೋನೀಯ ಸಂವೇಗ ಎತ್ತಿಕೊಂಡು ಹೋಗುವ ಸಂಭವ ಅತಿ ವಿರಳ. ಆರ್ಗಾನಿನ ದಿಕ್ಕಿನಲ್ಲೂ ಅದೇ ಪೇಚಾಟ. ಅಲ್ಲಿ ಸ್ಪಿನ್ ಸೊನ್ನೆಯ ತಳಕ್ಕೆ ನೇರವಾಗಿ ಇಳಿಯುವ ಬದಲು ಸ್ಪಿನ್ 2 ಇರುವ ಒಂದು ಮೇಲಿನ ಮಟ್ಟಕ್ಕೆ ಹೋಗುತ್ತದೆ. ಆ ಮಟ್ಟ 1.461 ಎಂಇವಿ ಎತ್ತರದಲ್ಲಿರುವುದರಿಂದ ಹಾದಿಗೆ ಉಳಿಯುವುದು 0.044 ಎಂಇವಿ ಮಾತ್ರ. ಬಳಿಕ ಆ 1.461 ಗಾಮಾ ಕಿರಣವಾಗಿ ಹೊರಬರುತ್ತದೆ. ಗಾಮಾ ಅಳೆಯುವ ಉಪಕರಣವನ್ನು ಮಣ್ಣಿನ ಮೇಲಿಟ್ಟರೂ ಪೊಟ್ಯಾಷ್ ಚೀಲದ ಮೇಲಿಟ್ಟರೂ ಎದ್ದು ಕಾಣುವ ಗೆರೆ ಇದೇ.

ಇದನ್ನು ನೀವು ಹೊಡೆಯುವ ಮೈಲುತುತ್ತದಲ್ಲಿರುವ ತಾಮ್ರದ ಜೊತೆ ಹೋಲಿಸಿ ನೋಡಿ. ತಾಮ್ರದ್ದೂ ಅದೇ ಕಥೆ: 63 ಸ್ಥಿರ, 65 ಸ್ಥಿರ, ನಡುವಿನ 64 ಬೆಸ-ಬೆಸ. ಎಡಗಡೆ ನಿಕಲ್-64 ಇದಕ್ಕಿಂತ 1.67 ಎಂಇವಿ ಕೆಳಗೆ, ಬಲಗಡೆ ಸತು-64 ಅದೇ ರೀತಿ 0.58 ಎಂಇವಿ ಕೆಳಗೆ. ಇಳಿಜಾರು ಪೊಟ್ಯಾಸಿಯಂನದಕ್ಕೆ ಹತ್ತಿರ ಹತ್ತಿರವೇ ಇದೆ. ಆದರೆ ತಾಮ್ರ-64ರ ಸ್ಪಿನ್ 1. ಸೊನ್ನೆಗೆ ಇಳಿಯಲು ಅದಕ್ಕೆ ಅಡ್ಡಿಯೇ ಇಲ್ಲ, ಅರ್ಧಾಯು 12.7 ಗಂಟೆ. ಒಂದಾನೊಂದು ಕಾಲದಲ್ಲಿ ನಕ್ಷತ್ರಗಳಲ್ಲಿ ಹುಟ್ಟಿದ ತಾಮ್ರ-64 ಯಾವಾಗಲೋ ಮುಗಿದುಹೋಯಿತು. ಡೌನಿ ರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ ಅದರ ಸುಳಿವೂ ಇಲ್ಲ. 125 ಕೋಟಿ ವರ್ಷಕ್ಕೂ 12.7 ಗಂಟೆಗೂ ಇರುವ ವ್ಯತ್ಯಾಸದ ಬಹುಪಾಲು ಸ್ಪಿನ್ 4 ಮತ್ತು ಸ್ಪಿನ್ 1ರ ನಡುವಿನದು.

ಬೆಸ-ಬೆಸ ಎಂದ ಮಾತ್ರಕ್ಕೆ ಕೆಟ್ಟಿತು ಎಂದೇನೂ ಅಲ್ಲ. ಡ್ಯೂಟೀರಿಯಂ, ಲಿಥಿಯಂ-6, ಬೋರಾನ್-10, ನೈಟ್ರೋಜನ್-14 ನಾಲ್ಕೂ ಬೆಸ-ಬೆಸ, ನಾಲ್ಕೂ ಸ್ಥಿರ. ಹಗುರ ನ್ಯೂಕ್ಲಿಯಸ್‌ಗಳಲ್ಲಿ ಪ್ರೋಟಾನ್, ನ್ಯೂಟ್ರಾನ್ ಸಮ ಪ್ರಮಾಣದಿಂದ ಒಂದು ಹೆಜ್ಜೆ ಸರಿದರೂ ದಂಡ ದೊಡ್ಡದು. ಜೋಡಿಯ ಲಾಭ ಅದನ್ನು ತುಂಬಿಕೊಡುವುದಿಲ್ಲ. ಕಾರ್ಬನ್-14 ಸಮ-ಸಮ ಆಗಿದ್ದರೂ ನೈಟ್ರೋಜನ್-14ಕ್ಕಿಂತ 0.156 ಎಂಇವಿ ಮೇಲಿದೆ. ಇಳಿಯುವುದು ಕಾರ್ಬನ್ನೇ.

ಭಾರದ ನ್ಯೂಕ್ಲಿಯಸ್‌ಗಳಿಗೆ ಇನ್ನೊಂದು ದಾರಿ ತೆರೆಯುತ್ತದೆ. ಹೀಲಿಯಂ-4ರ ಬಂಧನ ಶಕ್ತಿ 28.3 ಎಂಇವಿ, ಅದರ ಗಾತ್ರಕ್ಕೆ ವಿಪರೀತ ಹೆಚ್ಚು. ಹಾಗಾಗಿ ದೊಡ್ಡ ನ್ಯೂಕ್ಲಿಯಸ್ ಒಂದೊಂದೇ ಕಣ ಬಿಡುವ ಬದಲು ನಾಲ್ಕನ್ನು ಗಂಟುಕಟ್ಟಿ ಆಲ್ಫಾ ಕಣವಾಗಿ ಹೊರಹಾಕಿದರೆ ಲಾಭ. ಆದರೆ ಹೊರಬೀಳಲು ವಿದ್ಯುತ್ ತಡೆ ದಾಟಬೇಕು. ಯುರೇನಿಯಂ-238ರಲ್ಲಿ ಆ ತಡೆಯ ಎತ್ತರ ಸುಮಾರು 28 ಎಂಇವಿ, ಆಲ್ಫಾದ ಕೈಯಲ್ಲಿರುವುದು 4.27. ಹಳೆಯ ಭೌತಶಾಸ್ತ್ರದ ಪ್ರಕಾರ ಇದು ಎಂದಿಗೂ ಹೊರಬರಬಾರದು. ಕ್ವಾಂಟಂ ನಿಯಮದಂತೆ ತಡೆಯನ್ನು ಹತ್ತದೆ ತೂರಿ ಹೋಗಬಹುದು ಎಂದು 1928ರಲ್ಲಿ ಜಾರ್ಜ್ ಗ್ಯಾಮೊ, ಅವರಿಗಿಂತ ಬೇರೆಯಾಗಿ ಗರ್ನಿ ಮತ್ತು ಕಾಂಡನ್ ತೋರಿಸಿದರು. ಈ ತೂರುವಿಕೆ ಶಕ್ತಿಗೆ ಎಷ್ಟು ಸೂಕ್ಷ್ಮ ಎಂದರೆ, ಥೋರಿಯಂ-232ಕ್ಕೆ 4.08 ಎಂಇವಿ ಇದ್ದು ಅರ್ಧಾಯು 1,400 ಕೋಟಿ ವರ್ಷ, ಪೊಲೋನಿಯಂ-212ಕ್ಕೆ 8.95 ಎಂಇವಿ ಇದ್ದು ಅರ್ಧಾಯು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮೂರನೇ ಒಂದರಷ್ಟೂ ಇಲ್ಲ. ಶಕ್ತಿ ಎರಡೂಕಾಲು ಪಟ್ಟೂ ಹೆಚ್ಚಿಲ್ಲ, ಕಾಲ ಮಾತ್ರ 1ರ ಮುಂದೆ 24 ಸೊನ್ನೆ ಹಾಕಿದಷ್ಟು ಪಟ್ಟು ಕುಗ್ಗಿತು. ಬೆಳಗಾವಿ ಜಿಲ್ಲೆಯ ದೇಶನೂರು ಸುತ್ತ ಕಲ್ಲಿನಲ್ಲಿ ಯುರೇನಿಯಂ ಇನ್ನೂ ಹುಡುಕಲು ಸಿಗುವುದು ಈ ನಿಧಾನದಿಂದಲೇ. ಇನ್ನೂ ಭಾರವಾದವು ತಾವಾಗಿಯೇ ಇಬ್ಭಾಗವಾಗುವುದೂ ಉಂಟು. ಆ ಹೋಳುಗಳು ಮೂಲ ನ್ಯೂಕ್ಲಿಯಸ್‌ನ ನ್ಯೂಟ್ರಾನ್ ಪಾಲನ್ನೇ ಹೊತ್ತು ಬರುವುದರಿಂದ ಅವುಗಳಿಗೆ ನ್ಯೂಟ್ರಾನ್ ಅತಿಯಾಗಿ, ಸಾಲುಸಾಲಾಗಿ ಬೀಟಾ ಕ್ಷಯ ನಡೆಯುತ್ತದೆ. ಅಣು ಸ್ಥಾವರದ ಬಳಸಿದ ಇಂಧನದಲ್ಲಿ ಅಯೊಡಿನ್-131, ಸೀಸಿಯಂ-137 ಸಿಗುವುದು ಹೀಗೆ.

ಪೊಲೋನಿಯಂ-212 ಅಷ್ಟು ಆತುರಪಡುವುದಕ್ಕೆ ಕಾರಣ ಅದರ ಕೆಳಗಿರುವ ಸೀಸ-208. ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆ 2, 8, 20, 28, 50, 82 ಆದಾಗ, ನ್ಯೂಟ್ರಾನ್ ಆದರೆ 126 ಆದಾಗಲೂ, ಒಂದು ಕವಚ ಪೂರ್ತಿ ತುಂಬಿ ಅದರ ಮೇಲೆ ದೊಡ್ಡ ಅಂತರ ಬೀಳುತ್ತದೆ. ಮರಿಯಾ ಗೆಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸೆನ್ 1949ರಲ್ಲಿ ಇದರ ಕಾರಣ ಬಿಡಿಸಿದರು, 1963ರಲ್ಲಿ ನೊಬೆಲ್ ಬಂತು. 50 ಪ್ರೋಟಾನ್‌ಗಳ ತವರಕ್ಕೆ ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಹತ್ತು ಸ್ಥಿರ ಐಸೊಟೋಪ್‌ಗಳಿವೆ. 43ರ ಟೆಕ್ನೀಷಿಯಂ, 61ರ ಪ್ರೊಮೆಥಿಯಂ ಎರಡಕ್ಕೂ ಒಂದೂ ಇಲ್ಲ, ಪ್ರತಿ ತೂಕದಲ್ಲೂ ಅವುಗಳ ನೆರೆಯವರೇ ಕೆಳಗಿನ ಜಾಗ ಹಿಡಿದಿದ್ದಾರೆ.

ಮಗಳು ತಾನೇ ಪರೀಕ್ಷಿಸಿ ನೋಡಲಿ. ಪರಮಾಣು ತೂಕಗಳ ಪಟ್ಟಿ ಒಂದಿದ್ದರೆ ಸಾಕು, ದಶಮಾಂಶದ ನಂತರ ಆರು ಅಂಕಿಗಳಾದರೂ ಇರಲಿ. ಮೂರೇ ಅಂಕಿ ತೆಗೆದುಕೊಂಡರೆ ಲೆಕ್ಕ ಕೆಡುತ್ತದೆ, ಸಣ್ಣ ವ್ಯತ್ಯಾಸವಾದರೆ ಅಲ್ಲೇ ನುಂಗಿಹೋಗುತ್ತದೆ. ಮೊದಲು ಒಟ್ಟು ಕಣಗಳು ಅಷ್ಟೇ ಇರುವ ಎಡಬಲದ ನೆರೆಯವುಗಳ ತೂಕ ಬರೆದುಕೊಳ್ಳಬೇಕು. ಎರಡೂ ತನಗಿಂತ ಭಾರವಾಗಿದ್ದರೆ ಬೀಟಾ ದಾರಿ ಮುಚ್ಚಿದೆ. ಬಳಿಕ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಕಡಿಮೆ ಇರುವುದರ ತೂಕಕ್ಕೆ ಹೀಲಿಯಂನ 4.002603 ಕೂಡಿಸಿ ತಾಳೆ ನೋಡಬೇಕು. ಬಿಸ್ಮತ್-209ರ ತೂಕ 208.980399, ಥ್ಯಾಲಿಯಂ-205 ಮತ್ತು ಹೀಲಿಯಂ ಸೇರಿ 208.977031. 3.14 ಎಂಇವಿ ಉಳಿಯಿತು, ಅಂದರೆ ಆಲ್ಫಾ ದಾರಿ ತೆರೆದಿದೆ. ಆದರೂ ಬಿಸ್ಮತ್ ಸ್ಥಿರ ಎಂದೇ ಬಹುಕಾಲ ನಂಬಿದ್ದರು. 2003ರಲ್ಲಿ ಅದರ ಆಲ್ಫಾ ಕ್ಷಯ ಸಿಕ್ಕಿತು, ಅರ್ಧಾಯು 2ರ ಮುಂದೆ 19 ಸೊನ್ನೆ ಹಾಕಿದಷ್ಟು ವರ್ಷ. ದಾರಿ ಇದೆಯೋ ಇಲ್ಲವೋ ಎಂದು ತೂಕ ಹೇಳುತ್ತದೆ, ಎಷ್ಟು ಕಾಲ ಹಿಡಿಯುತ್ತದೆ ಎಂದು ತಡೆ ಮತ್ತು ಸ್ಪಿನ್ ಹೇಳುತ್ತವೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಪಾಸಿಟ್ರಾನಿನ ಹತ್ತಿರ. ಪಟ್ಟಿಯಲ್ಲಿರುವುದು ಎಲೆಕ್ಟ್ರಾನ್‌ಗಳೂ ಸೇರಿದ ಇಡೀ ಪರಮಾಣುವಿನ ತೂಕ. ಎಲೆಕ್ಟ್ರಾನ್ ಹೊರಬೀಳುವಾಗ ಅಥವಾ ನುಂಗುವಾಗ ಪರಮಾಣು ತೂಕಗಳನ್ನು ನೇರವಾಗಿ ಕಳೆದರೆ ಉತ್ತರ ಸರಿಯಾಗಿ ಬರುತ್ತದೆ. ಪಾಸಿಟ್ರಾನ್ ಹೊರಬೀಳಬೇಕಾದರೆ ಮಾತ್ರ ಎರಡು ಎಲೆಕ್ಟ್ರಾನ್‌ಗಳ ತೂಕ, ಅಂದರೆ 1.022 ಎಂಇವಿ, ಹೆಚ್ಚಿಗೆ ಬೇಕು. ಪೊಟ್ಯಾಸಿಯಂ-40ರಿಂದ ಆರ್ಗಾನಿಗೆ ಇರುವ 1.504ರಲ್ಲಿ ಅದನ್ನು ಕಳೆದರೆ 0.482 ಉಳಿಯುತ್ತದೆ. ಶಕ್ತಿ ಸಾಕು, ಆದರೆ ಅಷ್ಟರಲ್ಲಿ 1.461ರ ಮೇಲಿನ ಮಟ್ಟಕ್ಕೆ ಹೋಗಲಾಗದು. ಸ್ಪಿನ್ ಸೊನ್ನೆಯ ತಳಕ್ಕೇ ನೇರವಾಗಿ ಇಳಿಯಬೇಕು. ಹಾಗಾಗಿ ಪೊಟ್ಯಾಸಿಯಂ-40 ಪಾಸಿಟ್ರಾನ್ ಬಿಡುವುದು ಸುಮಾರು ಒಂದು ಲಕ್ಷ ಕ್ಷಯಕ್ಕೆ ಒಂದು ಸಲ.